ಬೀರುವಿನಲ್ಲಿ ಹುಟ್ಟಿದವರು

ಆದವಾನಿಯಲ್ಲಿ ಜನನ ರಿಜಿಸ್ಟರುಗಳನ್ನು ಕಾಯುವ ಗುಮಾಸ್ತ ಸೇತುಮಾಧವರಾಯರ ಪ್ರಕಾರ ಮನುಷ್ಯ ಹುಟ್ಟುವುದು ತಾಯಿಯ ಹೊಟ್ಟೆಯಿಂದಲ್ಲ, ತಮ್ಮ ಬೀರುವಿನಿಂದ. ಹುಟ್ಟಿದ ತಾರೀಕು ಹುಡುಕಿಕೊಂಡು ಯಾರೇ ಬರಲಿ, ರಾಯರು ನಿಧಾನವಾಗಿ ನಶ್ಯ ಏರಿಸಿ, ಕನ್ನಡಕ ಒರೆಸಿ, "ಪ್ಲೇಗಿಗೆ ಮೊದಲೋ, ಪ್ಲೇಗ್ ಆದ ಮ್ಯಾಲೋ?" ಎಂದು ಕೇಳುತ್ತಾರೆ. ಜನನ ಬರೆದುಕೊಳ್ಳಬೇಕಾದ ಒಂದು ಹಳ್ಳಿಯ ಮುಖ್ಯಸ್ಥ ರೆಡ್ಡಿಯಂತೂ ತಿಂಗಳ ಹೆರಿಗೆಗಳನ್ನೆಲ್ಲ ಕೊನೆಯ ದಿನ ಒಂದೇ ಮಸಿಯಲ್ಲಿ ಬರೆದು ಕಳಿಸುತ್ತಿದ್ದುದರಿಂದ ಊರಿಗೆ ಊರೇ ಮೂವತ್ತನೇ ತಾರೀಕು ಹುಟ್ಟಿದೆ. ರಾಯರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಗಂಡು ಹುಟ್ಟಿದರೆ ನಾಮಕರಣವಾದ ಮೇಲೆ ಜನ ಬಂದು ಹೆಸರು ಬರೆಸುತ್ತಿದ್ದರು, ಹೆಣ್ಣಿಗಾಗಿ ಅಷ್ಟು ದೂರ ಬಂದವರಿಲ್ಲ. ಮೊನ್ನೆ ಹೊಳಗುಂದದಿಂದ ಮಹಾಂತಮ್ಮ ಬಂದಳು. ತಂದೆಯ ಆಸ್ತಿಯ ವ್ಯಾಜ್ಯದಲ್ಲಿ ಆಕೆ ಆತನ ಮಗಳೇ ಅಲ್ಲವೆಂದು ದಾಯಾದಿಗಳು ಕೋರ್ಟಿನಲ್ಲಿ ಹೇಳಿದ್ದರು. ಆಕೆಯ ತಂದೆಯ ಹೆಸರಿನ ಮುಂದೆ 'ಹೆಣ್ಣು' ಎಂದಷ್ಟೇ ಇದ್ದ ಸಾಲಿನ ಮೇಲೆ ರಾಯರು ಬೆರಳಿಟ್ಟು, "ಇದು ನೀವ ಅಂತ ಹ್ಯಾಂಗ ಬರದು ಕೊಡ್ಲೆಮ್ಮಾ, ಸರ್ಕಾರಕ್ಕ ಹೆಸರು ಬೇಕು" ಎಂದರು. "ಒಂದು ಹೆಣ್ಣು ಹುಟ್ಟೇತಿ ಅಂಬೋದು ಸರ್ಕಾರಕ್ಕ ಗೊತ್ತೈತಿ, ಯಾರು ಅಂಬೋದು ಗೊತ್ತಿಲ್ಲೇನ್ರಿ?" ಎಂದಳಾಕೆ. ರಾಯರು ರಿಜಿಸ್ಟರು ಮುಚ್ಚಿದರು. ಅದೇ ಬೀರುವಿನಲ್ಲಿ ನಾಗಲದಿನ್ನೆ ಹಳ್ಳಿಯ ಹಳೆಯ ರಿಜಿಸ್ಟರೊಂದಿದೆ. ಅದರಲ್ಲಿ 'ಹೆಣ್ಣು' ಎಂದಷ್ಟೇ ಇರುವ ಒಂದು ಸಾಲಿನ ಪಕ್ಕ ರಾಯರು ಪೆನ್ಸಿಲಿನಲ್ಲಿ, ಆ ಹಳ್ಳಿಯಲ್ಲೇ ಹುಟ್ಟಿದ ತಮ್ಮ ತಾಯಿಯ ಹೆಸರು ಬರೆದಿದ್ದಾರೆ, ಸರಸ್ವತಿಬಾಯಿ ಎಂದು. ಪ್ರತಿವರ್ಷ ಜಿಲ್ಲಾ ಕಚೇರಿಯಿರುವ ಬಳ್ಳಾರಿಯಿಂದ ಸಾಹೇಬರು ತಪಾಸಣೆಗೆ ಬರುವ ಮುನ್ನ ಅದನ್ನು ರಬ್ಬರಿನಿಂದ ಅಳಿಸುತ್ತಾರೆ, ಅವರು ಹೋದ ಮರುದಿನ ಮತ್ತೆ ಬರೆಯುತ್ತಾರೆ. ಅಳಿಸಿ ಬರೆದು, ಅಳಿಸಿ ಬರೆದು ಕಾಗದ ಸವೆದು, ಈಗ ಅಲ್ಲಿ ಹಿಂಬದಿಯ ಪುಟದ ಇನ್ನೊಂದು 'ಹೆಣ್ಣು' ಕಾಣತೊಡಗಿದೆ.