ಪಾರ್ಕಿನ ಗೇಟಿಗೆ ಒಂದು ಇಳಿಜಾರು

ಗಂಗಾನಗರದ ನಮ್ಮ ಬೀದಿಯ ಪಾರ್ಕಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕಿತ್ತು. ವೀಲ್‌ಚೇರಿನಲ್ಲಿ ಓಡಾಡುವ ನಾನು, ಎದುರುಮನೆಯ ಗೆಳತಿ ಒಳಗೆ ನಾಲ್ಕು ಸುತ್ತು ನಡೆದು ಬರುವ ತನಕ ಗೇಟಿನ ಹೊರಗೆ ಕಾಯುತ್ತಿದ್ದೆ. "ಒಂದು ಪಕ್ಕ ಇಳಿಜಾರು ಮಾಡಿಸೋಣ ಕಣೇ, ಮೀಟಿಂಗಲ್ಲಿ ನಾನ್ ಮಾತಾಡ್ತೀನಿ" ಎಂದವಳು ಅವಳೇ.

ಬಡಾವಣೆಯ ಸಂಘದ ಸಭೆ ನಡೆದದ್ದು ಒಬ್ಬರ ಮನೆಯ ಮಹಡಿಯಲ್ಲಿ. ನಾನು ಅಲ್ಲಿಗೆ ಹತ್ತುವಂತಿರಲಿಲ್ಲ. ನನ್ನನ್ನು ಕೆಳಗೆ ಕಾಂಪೌಂಡಿನಲ್ಲಿ ಬಿಟ್ಟು ಅವಳು ಮೇಲೆ ಹೋದಳು. ಕಿಟಕಿ ತೆರೆದಿದ್ದರಿಂದ ಮಾತೆಲ್ಲ ಕೇಳುತ್ತಿತ್ತು. ಇಳಿಜಾರು ಮಾಡಿದರೆ ಸ್ಕೂಟರುಗಳು ಒಳಗೆ ನುಗ್ಗುತ್ತವೆ ಎಂದು ಯಾರೋ ಹೇಳಿದರು. ಆಗ ಅವಳ ದನಿ ಕೇಳಿಸಿತು. "ಅದೂ ಸರೀನೇ ಬಿಡಿ. ಪಾಪ, ಅವಳು ಗೇಟ್ ಹತ್ರಾನೇ ಖುಷಿಯಾಗಿ ಕೂತಿರ್ತಾಳೆ. ಒಬ್ಬಳಿಗೋಸ್ಕರ ಎಲ್ರಿಗೂ ಯಾಕೆ ತೊಂದ್ರೆ?"

ಸಭೆ ಮುಗಿಸಿ ಕೆಳಗಿಳಿದು ಬಂದವಳು, "ಎಷ್ಟ್ ಹೇಳಿದ್ರೂ ಒಪ್ಪಲಿಲ್ಲ ಕಣೇ" ಎಂದಳು. ಮುಖದಲ್ಲಿ ನಿಜವಾದ ಬೇಸರವೇ ಇತ್ತು.

"ಕಿಟಕಿ ತೆಗೆದಿತ್ತು" ಎಂದೆ.

ಅವಳು ಒಮ್ಮೆ ಮೇಲೆ ನೋಡಿದಳು. ಆಮೇಲೆ ಕುರ್ಚಿಯ ಹಿಡಿಗೆ ಕೈ ಹಾಕಿದಳು. ಮುಟ್ಟಬೇಡ ಎನ್ನಬೇಕೆನಿಸಿತು. ಆದರೆ ಮನೆಯ ದಾರಿ ಏರು, ಒಬ್ಬಳೇ ಹೋಗಲು ನನ್ನ ತೋಳುಗಳಲ್ಲಿ ಅಷ್ಟು ಶಕ್ತಿಯಿರಲಿಲ್ಲ. ಹಲ್ಲು ಕಚ್ಚಿಕೊಂಡು ಕೂತೆ. ಬಾಗಿಲ ತನಕ ಅವಳೇ ತಳ್ಳಿದಳು.

ಇಳಿಜಾರು ಆಗಲೇ ಇಲ್ಲ. ಮರುದಿನ ಸಂಜೆ ಏನೂ ಆಗದವಳಂತೆ ಅವಳು ನನ್ನನ್ನು ಕರೆಯಲು ಬಂದಳು. ನಾನು ಮಲಗಿದ್ದೇನೆಂದು ಅಮ್ಮನ ಕೈಲಿ ಹೇಳಿಸಿದೆ.