ಚಿರತೆ ಕೊಡಿಸಿದ ಗ್ಲೌಸ್

ಮದುವೆಯಾದ ಹೊಸದರಲ್ಲಿ ನಾನು ಒನಕೆ ಬೀಸಿ ಚಿರತೆ ಓಡಿಸಿದವನು. ನೋಡಿದವಳು ನನ್ನ ಹೆಂಡತಿ ಒಬ್ಬಳೇ, ಅವಳಿಗೋ ಇಂಗ್ಲಿಷ್ ಬರೋಲ್ಲ. ಹಾಗಾಗಿ ವಿದೇಶದ ಸ್ಟರ್ಲಿಂಗ್ ಊರಿನಲ್ಲಿರುವ ಮಗಳ ಮನೆಯಲ್ಲಿ ಕೂತು ಧೈರ್ಯವಾಗಿ ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳು ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜನ ಓದಿದಷ್ಟೂ ದುಡ್ಡು ಕೊಡುವ ಸೈಟಿಗೆ ಹಾಕಿದಳು. ಚಳಿಗೆ ಮರಗಟ್ಟುತ್ತಿದ್ದ ನನ್ನ ಹೆಂಡತಿಯ ಕೈಗೆ, ಮಗಳ ದುಡ್ಡು ಮುಟ್ಟದೆ, ನನ್ನ ಸಂಪಾದನೆಯಲ್ಲೇ ಉಣ್ಣೆಯ ಗ್ಲೌಸ್ ಕೊಡಿಸಬೇಕು ಅಂತ ನನ್ನ ಹಟ.

ಕೊಡಿಸಿಯೂ ಬಿಟ್ಟೆ. ಹಾಕಿಕೊಂಡು, "ದುಡ್ಡು ಎಲ್ಲಿಂದ ಬಂತ್ರೀ?" ಅಂದಳು.

ನಾನು ಬಾಯಿ ತೆರೆಯುವ ಮುಂಚೆಯೇ ಮೊಮ್ಮಗಳು, "ಅಜ್ಜಿ, ತಾತ ಚಿರತೆ ಜೊತೆ ಫೈಟ್ ಮಾಡಿದ್ರಲ್ಲ, ಆ ಸ್ಟೋರಿಗೆ!" ಅಂದಳು.

"ಯಾವ ಚಿರತೆ? ಪಕ್ಕದ ಮನೆ ನಾಯಿ ಅದು! ಒನಕೆ ಹಿಡಿದವಳು ನಾನು. ಇವರು ಅಟ್ಟ ಹತ್ತಿ ಕೂತಿದ್ದರು," ಅಂತ ನಕ್ಕಳು. ಗ್ಲೌಸ್ ಮಾತ್ರ ಬಿಚ್ಚಲಿಲ್ಲ.

ನಾನು ಭುಜ ಹಾರಿಸಿದೆ. "ನಾಯಿ ಅಂದಿದ್ದರೆ ಬಂದ ದುಡ್ಡಿಗೆ ಒಂದೇ ಕೈಗೆ ಗ್ಲೌಸ್ ಬರ್ತಿತ್ತು ಕಣೇ."