ಮಾವ ಬಿಡದ ಮೊದಲನೆಯ ಪ್ರಶ್ನೆ

ಮೊನ್ನೆ ಮೊಮ್ಮಗಳು ಹಿತ್ತಲಿನ ಬಳ್ಳಿಯಿಂದ ತೊಂಡೆ ಎಲೆ ಕಿತ್ತು ತಂದು ಸ್ಲೇಟು ಉಜ್ಜುತ್ತಿದ್ದಳು. ಆ ಹಸಿ ಹಸಿಯಾದ, ಸ್ವಲ್ಪ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ತಿರುಚಿನಾಪಳ್ಳಿಯ ನಮ್ಮ ಇಕ್ಕಟ್ಟಾದ ಕೋಣೆ ಕಣ್ಣಮುಂದೆ ಬಂತು. ಗೋಡೆಗೊರಗಿ, ತೊಡೆಯ ಮೇಲೆ ಸ್ಲೇಟಿಟ್ಟುಕೊಂಡು ಕೂತ ನನ್ನ ಸೋದರಮಾವ...

ಮಾವ ಅಂದರೂ ನನಗಿಂತ ಎರಡೇ ವರ್ಷ ದೊಡ್ಡವನು, ಅಜ್ಜಿಯ ಕೊನೆಯ ಮಗ. ಮಾರ್ಕಯನ್‌ಕೋಟ್ಟೈಯ ಅಜ್ಜಿ ಮನೆಯಲ್ಲಿ ಒಟ್ಟಿಗೆ ಬೆಳೆದ ನಾವು ಒಟ್ಟಿಗೇ ಬಿ.ಎ.ಗೆ ಸೇರಿದೆವು. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಕನ್ನಡ ಆಡುವ ನಮ್ಮ ಒಕ್ಕಲು ಮನೆಗಳವರು ಅಲ್ಲಿಯವರೆಗೆ ಕಾಲೇಜಿನ ಬಾಗಿಲು ಕಂಡವರಲ್ಲ. ನಾನು ಚರಿತ್ರೆ ತೆಗೆದುಕೊಳ್ಳೋಣ ಎಂದಿದ್ದೆ. ಮಾವ ಗಣಿತಕ್ಕೆ ಹೆಸರು ಕೊಟ್ಟು ಬಂದ, ನನ್ನದನ್ನೂ ಸೇರಿಸಿ.

"ಕಣಕ್ಕು ಕಲಿಯಾಕೆ ತಿರುಚಿಗಂಟ ಓಗ್ಬೇಕಾ? ನಮ್ಮೂರ ಕಣಕ್ಕುಪಿಳ್ಳೆ ತಾವ ಕುಂತ್ರೆ ಆಗಾಕಿಲ್ವಾ?" ಎಂದು ಅಜ್ಜಿ ಕೇಳಿದ್ದಳು. ಅವಳಿಗೆ ಕಣಕ್ಕು ಅಂದರೆ ಊರ ಕಂದಾಯದ ಲೆಕ್ಕ ಬರೆಯುವುದು, ಅಷ್ಟೇ.

"ಅದಲ್ಲವ್ವಾ, ಇದು ಬ್ಯಾರೆ," ಎಂದ ಮಾವ. "ಇದ್ರಾಗೆ ಸರಿ ಅಂದ್ರೆ ಸರಿ. ದೊರೆನೇ ಬಂದು ಏಳಿದ್ರೂ ತಪ್ಪು ತಪ್ಪೇ."

ಆ ಮಾತೇ ಅವನನ್ನು ತಿಂದಿತು ಅನಿಸುತ್ತದೆ ಈಗ. ನಾನು ಗಣಿತವನ್ನು ಉರು ಹೊಡೆಯುತ್ತಿದ್ದೆ, ಅರ್ಥವಾಗದ್ದನ್ನು ಹಾರಿಸಿಬಿಡುತ್ತಿದ್ದೆ. ಮಾವನಿಗೆ ಹಾರಿಸುವುದು ಗೊತ್ತಿರಲಿಲ್ಲ. ತರಗತಿ ಎಲ್ಲೋ ಮುಂದಕ್ಕೆ ಹೋಗಿದ್ದರೆ ಅವನಿನ್ನೂ ಹಿಂದಿನ ವಾರದ ದೀರ್ಘವೃತ್ತದಲ್ಲೇ ಸಿಕ್ಕಿಕೊಂಡಿರುತ್ತಿದ್ದ. ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ. ಪರೀಕ್ಷೆ ಹತ್ತಿರವಾದಂತೆ ಸ್ಲೇಟನ್ನು ತೊಂಡೆ ಎಲೆಯಿಂದ ಉಜ್ಜಿ ಉಜ್ಜಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಬರೆಯತೊಡಗಿದ. ರಾತ್ರಿಯೆಲ್ಲ ಬಳಪ ಸ್ಲೇಟಿನ ಮೇಲೆ ಕಿರ್ ಎನ್ನುತ್ತಿತ್ತು.

ಗಣಿತದ ಪರೀಕ್ಷೆಯ ದಿನ ಅವನು ನನ್ನ ಓರೆಗೆ ಕೂತಿದ್ದ. ನಾನು ಹಾಳೆ ಮೇಲೆ ಹಾಳೆ ತುಂಬಿಸುತ್ತಿದ್ದೆ. ತಲೆಯೆತ್ತಿದಾಗಲೆಲ್ಲ ಅವನು ಮೊದಲನೆಯ ಪ್ರಶ್ನೆಯ ಮೇಲೇ ಬಾಗಿದ್ದ. ಕೂಗಿ ಹೇಳುವ ಹಾಗಿಲ್ಲ... ಗಂಟೆ ಹೊಡೆದ ಮೇಲೆ ಹೊರಗೆ ಬಂದವನ ಅಂಗಿ ಬೆವರಿಗೆ ಮೈಗಂಟಿತ್ತು. ಮುಖದಲ್ಲಿ ಮಾತ್ರ ನಗು.

"ಬಂತು ಅಳಿಯಾ! ಕೊನೆಗೂ ಬಂತು."

"ಮಿಕ್ಕಿದ್ದು?"

ಅವನು ಕಡ್ಡಿ ಹಿಡಿದು ಮಣ್ಣಿನ ಮೇಲೆ ಆ ಲೆಕ್ಕವನ್ನೇ ಬರೆದು ತೋರಿಸತೊಡಗಿದ.

ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ನಾವಿಬ್ಬರೂ ಫಲಿತಾಂಶದ ಗೆಜೆಟ್ಟು ನೋಡಲು ಗಾಡಿ ಕಟ್ಟಿಸಿಕೊಂಡು ದಿಂಡಿಗಲ್ಲಿಗೆ ಹೋದೆವು. ನನ್ನ ಹೆಸರಿತ್ತು. ಅವನದಿರಲಿಲ್ಲ. ಗೆಜೆಟ್ಟು ಓದಿ ಹೇಳಿದ ಕಚೇರಿಯ ಗುಮಾಸ್ತನನ್ನು ಮಾವ "ಇನ್ನೊಂದ್ಸಲ ಓದ್ತೀರಾ?" ಎಂದು ಕೇಳಿದ. ಆತ ಓದಿದ. ಮಾವ ನನ್ನ ಬೆನ್ನು ತಟ್ಟಿ, "ಎತ್ತಿಗೆ ನೀರು ಕುಡಿಸು, ಬತ್ತೀನಿ," ಎಂದು ಹೊರಟ. ಬರಲಿಲ್ಲ.

ಆ ಸಂಜೆಯೆಲ್ಲ ಅವನನ್ನು ಹುಡುಕಿದೆ. ಬಾವಿ ಕಂಡಲ್ಲೆಲ್ಲ ಬಗ್ಗಿ ನೋಡಿದೆ. ಕೆರೆ ಏರಿಯ ಮೇಲೆ ಬಟ್ಟೆ ಒಗೆಯುವವರನ್ನು ಕೇಳಿದೆ. ರೈಲು ಹಳಿಯುದ್ದಕ್ಕೂ, ಕಾಲಲ್ಲಿ ಶಕ್ತಿಯಿರುವಷ್ಟು ದೂರ ಓಡಿದೆ. ಮಾರನೆಯ ದಿನವೂ ಹುಡುಕಿ, ಒಬ್ಬನೇ ಊರಿಗೆ ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಅಜ್ಜಿಗೆ ಹೇಳಬೇಕಾದ ಮಾತನ್ನು ಕಟ್ಟುತ್ತಾ ಹೋದೆ, ಒಂದೂ ನಿಲ್ಲಲಿಲ್ಲ.

ಅಜ್ಜಿ ಖಾಲಿ ಗಾಡಿಯ ಒಳಗೊಮ್ಮೆ ಇಣುಕಿದಳು. "ಎಲ್ಲೋ ಅವನು?" ಎಂದಳು. ನಾನು ಅತ್ತುಬಿಟ್ಟೆ. ನಾನು ಪಾಸಾದದ್ದು ಆ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ, ನನಗೂ... ಆಳುಗಳು ಕಣಿವೆಯ ಆ ಕೊನೆಯ ಗೂಡಲೂರಿನವರೆಗೂ ಹೋಗಿ ಬರಿಗೈಯಲ್ಲಿ ಬಂದರು. ಅಜ್ಜಿ ಜಗಲಿ ಬಿಟ್ಟು ಏಳಲಿಲ್ಲ.

ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ಮಾವ ಬೀದಿಯ ತುದಿಯಲ್ಲಿ ಕಂಡ. ಮೊಣಕಾಲಿನವರೆಗೆ ಧೂಳು. ತಾಯಿಯ ಮುಂದೆ ನಿಂತು, "ಫೇಲಾಗೋದೆ ಅವ್ವಾ," ಎಂದ. ಆಮೇಲೆ ನನ್ನತ್ತ ತಿರುಗಿದ. "ತಿರುಚಿಗೆ ಓಗಿದ್ದೆ. ನಮ್ಮ ಗಣಿತದ ಮೇಷ್ಟ್ರಿಗೆ ಆ ಲೆಕ್ಕ ಬರೆದು ತೋರಿಸ್ದೆ. ಸರಿಯಾಗೈತಂತೆ ಅಳಿಯಾ!"

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಜ್ಜಿ ಅವನ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. "ಒಂದಾದ್ರೂ ಸರಿಯಾತಲ್ಲ. ಕಾಲು ತೊಳ್ಕೊ, ಉಣ್ಣು," ಎಂದಳು.

ಪರೀಕ್ಷೆಗೆ ಮತ್ತೆ ಕಟ್ಟುತ್ತೇನೆ ಎಂದ ಮಾವ. ಆ ವರ್ಷವೆಲ್ಲ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಮುಂದಿನದಕ್ಕೆ ಹೋಗುವುದನ್ನು ಅಭ್ಯಾಸ ಮಾಡಿದ. ಬಿಡುವಾಗ ಹಲ್ಲು ಕಚ್ಚುತ್ತಿದ್ದ, ಮುಳ್ಳು ಕೀಳಿಸಿಕೊಳ್ಳುವವನ ಹಾಗೆ. ಪರೀಕ್ಷೆಗೆ ಮುಂಚೆ ಮಳೆಗಾಲ ಬಂತು, ಮಳೆಯ ಹಿಂದೆ ಕಣಿವೆಯ ಚಳಿಜ್ವರ. ಮೂರನೆಯ ಸಲ ಜ್ವರ ಏರಿದಾಗ ಅದು ಇಳಿಯಲಿಲ್ಲ, ಮಾವ ಉಳಿಯಲಿಲ್ಲ.

ನಾನು ಅದೇ ಗಣಿತದ ಬಿ.ಎ. ಹಿಡಿದುಕೊಂಡು ದಿಂಡಿಗಲ್ಲಿನಲ್ಲಿ ಮೇಷ್ಟ್ರಾದೆ. ಅವನಿಗೆ ಒಲಿದಿದ್ದ ವಿದ್ಯೆಯಿಂದ ನಾನು ಅನ್ನ ತಿಂದೆ. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಫಲಿತಾಂಶ ಬಂದ ದಿನ ಮನೆಯಲ್ಲಿ ಕೂರಲಾಗುವುದಿಲ್ಲ. ಪಾಸಾದವರ ಮನೆಗೆ ಹೋಗುವವರು ಬಹಳ ಜನ ಇರುತ್ತಾರೆ. ನಾನು ಕೋಲೂರಿಕೊಂಡು ಫೇಲಾದ ಹುಡುಗರ ಮನೆ ಕೇಳಿಕೊಂಡು ಹೋಗುತ್ತೇನೆ. ಬುದ್ಧಿ ಹೇಳುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಹುಡುಗ ಮನೆಯೊಳಗೇ ಇದ್ದಾನೆ ಎಂದು ಕಣ್ಣಾರೆ ಕಂಡ ಮೇಲೆ ಎದ್ದು ಬರುತ್ತೇನೆ.